ತಂಗಿಗೆ ಕೇಳಿಸದಾದ ನನ್ನ ದನಿ

ಮುಕ್ತ ತಂತ್ರಾಂಶ ವಿಭಾಗದ ಮುಖ್ಯಸ್ಥರಾದ ಮಾನ್ಯರೇ,

ಕಳೆದ ತಿಂಗಳು ತಮ್ಮ ಕಂಪನಿ ತನ್ನ ಫೋನುಗಳನ್ನು ನವೀಕರಿಸಿತು. ಅಂದಿನಿಂದ ನಾನು ನನ್ನ ತಂಗಿಯೊಡನೆ ಮಾತನಾಡಿಲ್ಲ. ನಮ್ಮ ನಡುವೆ ಮನಸ್ತಾಪವೇನಿಲ್ಲ. ಒಂದೇ ಮೇಜಿನಲ್ಲಿ ಎದುರುಬದುರು ಕುಳಿತು ಉಣ್ಣುತ್ತೇವೆ. ಅವಳಿಗೆ ಕಣ್ಣು ಕಾಣುವುದಿಲ್ಲ. ಗಂಟಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ನನಗೆ ದನಿಯಿಲ್ಲ. ನಾನು ಫೋನಿನಲ್ಲಿ ಬರೆದುದನ್ನು ಅವಳಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದುದು ಒಂದು ಉಚಿತ ತಂತ್ರಾಂಶ. ತಮ್ಮ ನವೀಕರಣದ ನಂತರ ಅದು ತುಟಿ ಬಿಚ್ಚುತ್ತಿಲ್ಲ.

ಅದು ಓದುತ್ತಿದ್ದುದು ನನ್ನದೇ ದನಿಯಲ್ಲಿ. ನಾನಿನ್ನೂ ಪಾಠ ಹೇಳುತ್ತಿದ್ದ ಕಾಲದಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಇಬ್ಬರು ಗೆಳೆಯರೊಡನೆ ಸೇರಿ ಆ ತಂತ್ರಾಂಶವನ್ನು ಬರೆದಳು. ಅದರ ಒಳಗಿನ ಬರಹವನ್ನು ಯಾರು ಬೇಕಾದರೂ ನೋಡಬಹುದು, ತಿದ್ದಬಹುದು, ಹಂಚಬಹುದು. ಓಪನ್ ಸೋರ್ಸ್ ಎಂದು ತಾವು ವೇದಿಕೆಗಳ ಮೇಲೆ ಕೊಂಡಾಡುವುದು ಇದನ್ನೇ. ಉಚ್ಚಾರ ಶುದ್ಧವಾಗಿರುವ ದನಿ ಬೇಕೆಂದು ಅವಳು ನನ್ನನ್ನು ಕೇಳಿದಳು. ರಜೆಯುದ್ದಕ್ಕೂ ಶಾಲೆಯ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ, ಫ್ಯಾನು ಆರಿಸಿ, ಕಿಟಕಿಗೆ ಕಂಬಳಿ ಕಟ್ಟಿ, ಸಾವಿರಾರು ವಾಕ್ಯಗಳನ್ನು ಓದಿದೆ. “ಟೀಚರ್, ದನಿ ಸೋತಿದೆ. ಇವತ್ತಿಗೆ ಸಾಕು, ನಾಳೆ ಓದಿ” ಎಂದು ಅವಳು ನನಗೇ ಅಪ್ಪಣೆ ಕೊಡುತ್ತಿದ್ದಳು. ಅಷ್ಟು ಹೇಳಿಸಿಕೊಂಡದ್ದು ನಿಜ. ಆದರೆ ಒಂದೇ ಒಂದು ಮಹಾಪ್ರಾಣಕ್ಕೂ ನನ್ನನ್ನು ತಿದ್ದುವ ಪ್ರಮೇಯ ಅವಳಿಗೆ ಬರಲಿಲ್ಲ.

ತಂಗಿಯ ದೃಷ್ಟಿ ಹೋದದ್ದು ಆಮೇಲೆ. ಟೆಲಿಫೋನ್ ಆಪರೇಟರಾಗಿ ನಿವೃತ್ತಳಾದ ಅವಳ ಕಿವಿ ಬಹಳ ಚುರುಕು. ನನ್ನ ದನಿಯನ್ನು ಎರಡು ಪಟ್ಟು ವೇಗವಾಗಿ ಓಡಿಸಿ ಪತ್ರಿಕೆ ಓದಿಸಿಕೊಳ್ಳುತ್ತಿದ್ದಳು. “ಅಕ್ಕ, ಸಾಕು ಅಂತ ಒತ್ತಿದ್ರೆ ಬಾಯಿ ಮುಚ್ಕೋತೀಯಲ್ಲೇ! ಇಷ್ಟು ಒಳ್ಳೆಯವಳು ಯಾವಾಗ ಆದೆ?” ಎಂದು ಕಾಡಿಸುತ್ತಿದ್ದಳು. ವೈದ್ಯರು ನನ್ನ ಧ್ವನಿಪೆಟ್ಟಿಗೆಯನ್ನು ತೆಗೆದು ಮನೆಗೆ ಕಳಿಸಿದ ದಿನ, ‘ಕಾಫಿಗೆ ಸಕ್ಕರೆ ಕಡಿಮೆ ಹಾಕು’ ಎಂದು ಫೋನಿನಲ್ಲಿ ಬರೆದೆ. ಫೋನು ಅದನ್ನು ನುಡಿಯಿತು. ತಂಗಿ ತಡವಿ ಒಲೆ ಆರಿಸಿದಳು. ಆಮೇಲೆ, “ಬರ್ತಿದ್ದ ಹಾಗೇ ಶುರು ಮಾಡಿದ್ಯಾ?” ಎಂದಳು.

ತಮ್ಮ ಕಂಪನಿ ಏನೂ ಮಾಡಲಿಲ್ಲವೆಂದು ನಾನು ಹೇಳಲಾರೆ. ಈ ತಂತ್ರಾಂಶವನ್ನು ತಮ್ಮ ಫೋನುಗಳಲ್ಲಿ ಸೇರಿಸಿದಿರಿ. ಅದರ ತೊಡಕುಗಳನ್ನು ಬಿಡಿಸಿದಿರಿ. ಅದನ್ನು ಬರೆದ ಮೂವರನ್ನೂ, ಇದೇ ಕೆಲಸ ಮಾಡಿಕೊಂಡಿರಿ ಎಂದು, ಕರೆದು ನೌಕರಿ ಕೊಟ್ಟಿರಿ. ಅಂದು ಹಿಗ್ಗಿದವರಲ್ಲಿ ನಾನೂ ಒಬ್ಬಳು. ಆದರೆ ವರ್ಷವೆರಡು ಕಳೆಯುವಷ್ಟರಲ್ಲಿ ಮೂವರನ್ನೂ ಜಾಹೀರಾತಿನ ವಿಭಾಗಕ್ಕೆ ಕಳಿಸಿ, ತಂತ್ರಾಂಶದ ಉಸ್ತುವಾರಿ ನಿಲ್ಲಿಸಿದಿರಿ. ತಮ್ಮ ಜಾಲತಾಣದಲ್ಲಿ ಅದಿನ್ನೂ ‘ಸಮುದಾಯಕ್ಕೆ ನಮ್ಮ ಕೊಡುಗೆ’ ಎಂಬ ಶೀರ್ಷಿಕೆಯಡಿ ರಾರಾಜಿಸುತ್ತಿದೆ. ‘ಕೊಡುಗೆ’ ಎಂಬ ಪದದ ಅರ್ಥವನ್ನು ನಾನು ಮಕ್ಕಳಿಗೆ ಹೀಗೆ ಕಲಿಸಿರಲಿಲ್ಲ.

ತಮ್ಮ ಕಚೇರಿಗೆ ಬರೆದೆ. “ಮೂಲ ಬರಹ ಮುಕ್ತವಾಗಿದೆ; ಆಸಕ್ತರು ಯಾರು ಬೇಕಾದರೂ ಮುಂದುವರಿಸಬಹುದು” ಎಂಬ ಉತ್ತರ ಬಂತು. ಯಾರು, ಮಾನ್ಯರೇ? ಅದನ್ನು ಬಲ್ಲವರೆಲ್ಲರನ್ನೂ ಒಳಗೆ ಕೂಡಿಸಿಕೊಂಡು, ಬಾಗಿಲು ತೆರೆದೇ ಇದೆ ಎಂದು ಬೀದಿಗೆ ಸಾರುವುದು ಯಾವ ಬಗೆಯ ಔದಾರ್ಯ?

ಹೋದ ಭಾನುವಾರ ನನ್ನ ವಿದ್ಯಾರ್ಥಿನಿ ಮನೆಗೆ ಬಂದಿದ್ದಳು. ತಂಗಿ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, “ಏನಮ್ಮ, ನಿಮ್ಮ ಟೀಚರ್ ಬಾಯಿಗೆ ಬೀಗ ಹಾಕಿದ್ದು ನಿಮ್ಮ ಸಾಹೇಬ್ರಂತೆ? ನಮ್ಮಪ್ಪನ ಕೈಲೇ ಆಗಿರ್ಲಿಲ್ಲ” ಎಂದಳು.

ಹುಡುಗಿ ನಗಲಿಲ್ಲ. “ನಾಲ್ಕು ದಿನದ ಕೆಲಸ, ಚಿಕ್ಕಮ್ಮ. ಎಲ್ಲಿ ಕೆಟ್ಟಿದೆ ಅಂತ ಗೊತ್ತು. ಆದ್ರೆ ಮನೇಲಿ ಕೂತು ಬರೆದದ್ದೂ ಕಂಪನೀದೇ ಅಂತ ಸಹಿ ಹಾಕಿಸಿಕೊಂಡಿದ್ದಾರೆ. ಹೊರಗೆ ಕೊಡೋಕೆ ಅನುಮತಿ ಕೇಳಿ ಮೂರು ಸಲ ಬರೆದೆ. ಪರಿಶೀಲನೆಯಲ್ಲಿದೆ ಅಂತಾರೆ.”

“ನೀನೇ ಬರೆದದ್ದನ್ನ ನೀನು ಮುಟ್ಟಂಗಿಲ್ವಾ?”

“ಮುಟ್ಟಿದ್ರೆ ಕೆಲಸ ಹೋಗುತ್ತೆ.”

“ಹಾಗಾದ್ರೆ ಮುಟ್ಬೇಡ ಕಣೇ” ಎಂದು ತಂಗಿ ಅವಳ ಬೆನ್ನು ಸವರಿದಳು. ನಾನೂ ಏನೋ ಹೇಳಬೇಕೆಂದು ಬಾಯಿ ತೆರೆದೆ. ತೆರೆದ ಬಾಯನ್ನು ಕಂಡವಳು ಹುಡುಗಿಯೊಬ್ಬಳೇ. ಅವಳು ತಲೆ ತಗ್ಗಿಸಿದಳು.

ತಮ್ಮದೇ ಇನ್ನೊಂದು ದನಿ ಫೋನಿನಲ್ಲಿ ಲಭ್ಯವಿದೆಯೆಂದು ತಾವು ಸೂಚಿಸಬಹುದು. ಬಳಸಿ ನೋಡಿದೆವು. ಎರಡನೆಯ ವಾಕ್ಯಕ್ಕೇ ತಂಗಿ, “ಯಾರೋ ಹೆಂಗಸು ಮನೆಗೆ ಬಂದು ನೀನು ಹೋಗಿಬಿಟ್ಟೆ ಅಂತ ಹೇಳಿದ ಹಾಗಿದೆ. ನಿಲ್ಸು” ಎಂದಳು. ನಿಲ್ಲಿಸಿದೆ.

ಈಗ ಅವಳ ಅಂಗೈ ಮೇಲೆ ಬೆರಳಿನಿಂದ ಬರೆಯುತ್ತೇನೆ. ಔಷಧ. ಊಟ. ಮಲಗು. ಅಂಗೈಗೆ ಅಷ್ಟೇ ಹಿಡಿಸುತ್ತದೆ. ಅದರ ಮೇಲೆ ಜಗಳವಾಡಲಾಗುವುದಿಲ್ಲ. ಅಮ್ಮ ಅಂದು ನಿಜವಾಗಿ ಏನು ಹೇಳಿದ್ದಳೆಂದು ವಾದಿಸಲಾಗುವುದಿಲ್ಲ. ನನಗೂ ವಯಸ್ಸಾಗಿದೆ, ಅವಳಿಗೂ.

ನಾನು ದನಿ ಕೊಟ್ಟಾಗ ಪ್ರತಿಫಲ ಕೇಳಿರಲಿಲ್ಲ, ಈಗಲೂ ಕೇಳುತ್ತಿಲ್ಲ. ತಮ್ಮ ಮೇಜಿನ ಮೇಲಿರುವ ಆ ಅನುಮತಿಗೆ ಸಹಿ ಹಾಕಿ. ಆ ಹುಡುಗಿಗೆ ನಾಲ್ಕು ದಿನ ಬಿಡುವು ಕೊಡಿ. ಇದು ಪರಿಶೀಲಿಸುತ್ತ ಕೂರುವ ವಿಷಯವಲ್ಲ. ತಂಗಿ ಪ್ರತಿದಿನ ಬೆಳಿಗ್ಗೆ ಫೋನನ್ನು ಕಿವಿಗೆ ಹಿಡಿದು, “ಅಕ್ಕ?” ಎಂದು ಕೇಳುತ್ತಾಳೆ. ನಾನು ಅವಳ ಎದುರಿಗೇ ಕುಳಿತಿರುತ್ತೇನೆ.

ಇಂತಿ,
ಬರಹದಲ್ಲಿ ಮಾತ್ರ ಉಳಿದಿರುವ
ನಿವೃತ್ತ ಶಾಲಾ ಶಿಕ್ಷಕಿ