ಜರಿ ಎಳೆ

೨೦೨೪ ಜುಲೈ ೯, ಮಂಗಳವಾರ

ನನ್ನ ಗ್ಯಾರೇಜಿಗೆ ಬರುವ ಪುಟ್ಟಮಾದನ ಬೈಕಿನ ಫ್ಯೂಸ್ ಇವತ್ತೂ ಸುಟ್ಟುಹೋಯಿತು. ಇದು ಐದನೆಯದು. ಬ್ಯಾಟರಿ ಬದಲಾಯಿಸಿದೆ, ಸ್ವಿಚ್ಚೆಲ್ಲ ಬಿಚ್ಚಿ ನೋಡಿದೆ. ಹ್ಯಾಂಡಲ್ ಎಡಕ್ಕೆ ತಿರುಗಿಸಿದರೆ ಮಾತ್ರ ಫ್ಯೂಸ್ ಹೋಗುತ್ತದೆ.

ಅವನು ಕಾಡಿನ ವಾಚರ್. ಶನಿವಾರ ಪಾಲಾರ್ ರಸ್ತೆಯ ತಿರುವಿನಲ್ಲಿ ಲೈಟು, ಇಂಜಿನ್ ಎರಡೂ ಒಟ್ಟಿಗೆ ನಿಂತವಂತೆ.

"ಆನೆ ಕಾಣ್ನಿಲ್ಲ ಸಾ, ಅದ್ರ ಉಸ್ರು ಕೇಳುಸ್ತು" ಅಂದ.

"ನೀನೇ ವೈರ್ ಕಿತ್ತಿರ್ತೀಯ ಕಣ್ಲಾ" ಎಂದು ರೇಗಿಬಿಟ್ಟೆ.

ಸಂಜೆ ಟ್ಯಾಂಕ್ ಇಳಿಸಿ, ಹ್ಯಾಂಡಲ್ ಬುಡದ ವೈರುಗಳನ್ನು ಬೆರಳಿನಿಂದ ಸವರುತ್ತ ಹೋದೆ. ಒಂದು ಕಡೆ ಟೇಪಿನ ಬದಲು ದಾರ ಸುತ್ತಿತ್ತು. ಗಂಟು ನನ್ನದೇ. ಮೇ ತಿಂಗಳಲ್ಲಿ ಅಂಗಡಿಯಲ್ಲಿ ಟೇಪು ಮುಗಿದಾಗ, ಕೊಳ್ಳೇಗಾಲದ ಮನೆಯಿಂದ ಅಮ್ಮನ ಮಗ್ಗದ ಕೆಳಗೆ ಬಿದ್ದಿದ್ದ ರೇಷ್ಮೆ ಎಳೆಗಳನ್ನು ತಂದಿದ್ದೆ.

"ಜರಿ ಸೇರ್ಕಂಡದೆ, ನೋಡಿ ತಕೊ ಕಣ್ಲಾ" ಅಂದಿದ್ದಳು. ನಾನು ನೋಡಲಿಲ್ಲ. ರೇಷ್ಮೆಯಲ್ಲಿ ಕರೆಂಟು ಹರಿಯುವುದಿಲ್ಲ, ಜರಿಯಲ್ಲಿ ಹರಿಯುತ್ತದೆ. ಹ್ಯಾಂಡಲ್ ಎಡಕ್ಕೆ ತಿರುಗಿದಾಗಲೆಲ್ಲ, ವೈರಿನ ಸಿಪ್ಪೆ ಸವೆದ ಜಾಗದಿಂದ ಜರಿ ಗಾಡಿಯ ಕಬ್ಬಿಣಕ್ಕೆ ತಾಗುತ್ತಿತ್ತು.

ದಾರ ಕಿತ್ತು ಟೇಪು ಸುತ್ತಿದೆ. ಪುಟ್ಟಮಾದ ಕೈಮುಗಿದು ಹೋದ. ತಪ್ಪು ನನ್ನದೆಂದು ಹೇಳದೆಯೇ ಅವನನ್ನು ಕಳಿಸಿದೆ.

ಟೇಪು ಮುಗಿದಿದ್ದ ಆ ವಾರ ಇನ್ನೆಷ್ಟು ಬೈಕಿಗೆ ಇದೇ ದಾರ ಸುತ್ತಿದೆನೋ. ಇಬ್ಬರು ನೆನಪಿದ್ದಾರೆ. ಒಬ್ಬ ಅಗರದವನು, ಅವನ ಮನೆ ಗೊತ್ತು, ಬೆಳಿಗ್ಗೆಯೇ ಹೋಗುತ್ತೇನೆ. ಆದರೆ ಮಗುವನ್ನು ಟ್ಯಾಂಕ್ ಮೇಲೆ ಕೂರಿಸಿಕೊಂಡು ರಾಮಾಪುರದ ಕಡೆ ಹೋದವನು ಯಾರು? ಹೆಸರು ಕೇಳಲಿಲ್ಲ, ನಂಬರೂ ಇಲ್ಲ. ಆ ಮಗು ನನಗೆ ಟಾಟಾ ಮಾಡಿತ್ತು. ಈಗ ಅವರು ಯಾವ ತಿರುವಿನಲ್ಲಿ ಲೈಟಿಲ್ಲದೆ ನಿಂತಿದ್ದಾರೋ.