ಅವರಿಗೆ ಮೂರು ಜನ ಕಮ್ಮಿ

ಮಾರ್ಚ್ ೪, ಮಂಗಳವಾರ. ಮಧ್ಯಾಹ್ನ

ಕೋಚ್ ಮಲಗಿದ್ದಾರೆ. ಮಾತ್ರೆ ಆಯಿತು, ಸೂಪ್ ಆಯಿತು, ಅರ್ಧ ಬಟ್ಟಲು ಬಿಟ್ಟರು. ಎಡಗಾಲಿನ ಊತ ನಿನ್ನೆಗಿಂತ ಕಡಿಮೆ. ಅವರನ್ನು ಮಂಚದಿಂದ ಗಾಲಿಕುರ್ಚಿಗೆ ಎತ್ತುವಾಗ ನನ್ನ ಭುಜ ಚುರ್ ಎಂದಿತು. ಶನಿವಾರದ ಆಟದ ಪೆಟ್ಟು. ಮುಖದಲ್ಲಿ ತೋರಿಸಲಿಲ್ಲ, ಆದರೂ ಅವರಿಗೆ ಗೊತ್ತಾಗಿಬಿಟ್ಟಿತು.

ಎಷ್ಟೋ ವರ್ಷ ಹೈಸ್ಕೂಲ್ ಹುಡುಗರಿಗೆ ಅಮೆರಿಕನ್ ಫುಟ್‌ಬಾಲ್ ಕಲಿಸಿದವರು. ಹೆಸರು ಟ್ಯಾಕೆಟ್. ಆದರೆ ಸ್ಯಾಕ್ರಮೆಂಟೋದ ಈ ಬೀದಿಯಲ್ಲಿ ಅಂಚೆಯವನೂ ಕೋಚ್ ಅಂತಲೇ ಕರೆಯುತ್ತಾನೆ. ನಾನು ರಗ್ಬಿ ಆಡುತ್ತೇನೆ ಅಂತ ಗೊತ್ತಾದ ದಿನದಿಂದ ಅವರಿಗೊಂದು ಕೆಲಸ ಸಿಕ್ಕಿದೆ.

"ಹೆಲ್ಮೆಟ್ ಇಲ್ಲ, ಪ್ಯಾಡ್ ಇಲ್ಲ. ಚೆಂಡು ಮುಂದಕ್ಕೆ ಎಸೆಯೋ ಹಾಗೂ ಇಲ್ಲ. ಹಿಂದಕ್ಕೆ ಎಸೆದು ಮುಂದಕ್ಕೆ ಹೋಗೋ ಆಟ ಈ ದೇಶದಲ್ಲಿ ಯಾರಿಗಮ್ಮಾ ಬೇಕು?"

ಇಂಗ್ಲಿಷ್ ಗಂಟಲಲ್ಲೇ ಕೂತುಬಿಡುತ್ತದೆ. ಓದಿದ್ದು ಎಂಟನೇ ತರಗತಿವರೆಗೆ, ಅದೂ ಫಿಜಿಯ ಒಂದು ಮೂಲೆ ದ್ವೀಪದಲ್ಲಿ. ಬಾಯಲ್ಲಿ ಹೇಳಲಾಗದ್ದನ್ನು ಈ ಪುಸ್ತಕದಲ್ಲಿ ಬರೆಯುತ್ತೇನೆ.

ಬೇಕು. ನನಗೆ ಬೇಕು.

ಮಾರ್ಚ್ ೯, ಭಾನುವಾರ

ಚರ್ಚ್ ಮುಗಿದ ಮೇಲೆ ಎಲ್ಲರ ಬಾಯಲ್ಲೂ ಒಂದೇ ಸುದ್ದಿ. ಮೇ ತಿಂಗಳಲ್ಲಿ ನಮ್ಮ ಫಿಜಿ ಹೆಂಗಸರ ತಂಡ ಇಲ್ಲಿಗೆ ಬರುತ್ತಿದೆ. ಅಮೆರಿಕದ ತಂಡದ ಜೊತೆ ಪಂದ್ಯ, ಇದೇ ಊರಿನ ದೊಡ್ಡ ಮೈದಾನದಲ್ಲಿ. ವಸೀತಿ ಅತ್ತೆ ಆಗಲೇ ಎಷ್ಟು ಕೆಸುವಿನೆಲೆ ಬೇಕಾಗುತ್ತದೆ ಅಂತ ಲೆಕ್ಕ ಹಾಕುತ್ತಿದ್ದಳು.

ಇನ್ನೊಂದು ಸುದ್ದಿ ಸಂಜೆ ಬಂತು. ನಮ್ಮ ಕ್ಲಬ್ಬಿನ ನಾಯಕಿ ಡೀನಾ ಫೋನ್ ಮಾಡಿದ್ದಳು. ಶಾಲಾ ಬಸ್ ಓಡಿಸುವವಳು, ಮಾತು ಯಾವಾಗಲೂ ಬಸ್ಸಿನ ಕೊನೆ ಸೀಟಿಗೆ ಕೇಳುವ ಹಾಗೆ. ಆ ದಿನ ದೊಡ್ಡ ಪಂದ್ಯಕ್ಕೆ ಮೊದಲು ಅದೇ ಹುಲ್ಲಿನ ಮೇಲೆ ಒಂದು ಕ್ಲಬ್ ಪಂದ್ಯ ಇರುತ್ತದಂತೆ. ನಮ್ಮ ವಿಭಾಗದಲ್ಲಿ ಗೆದ್ದವರಿಗೆ ಆ ಅವಕಾಶ. ಉಳಿದಿರುವುದು ನಾವು ಮತ್ತು ಯುರೇಕಾ ಊರಿನ ತಂಡ. ಏಪ್ರಿಲ್ ಐದಕ್ಕೆ ಅವರು ಸಮುದ್ರದ ಕಡೆಯಿಂದ ಬೆಟ್ಟ ಇಳಿದು ಇಲ್ಲಿಗೆ ಬರುತ್ತಾರೆ.

ನನ್ನ ದೇಶದ ಹೆಂಗಸರು ಓಡುವ ಹುಲ್ಲಿನ ಮೇಲೆ, ಅವರಿಗಿಂತ ಮೊದಲು ನಾನು ಓಡಬೇಕು. ಇಷ್ಟು ಜೋರಾಗಿ ಯಾವುದನ್ನೂ ಬಯಸಿದ ನೆನಪಿಲ್ಲ.

ಮಾರ್ಚ್ ೨೦, ಗುರುವಾರ

ಮೇ ಪಂದ್ಯದ ಸುದ್ದಿ ಕೋಚ್‌ಗೆ ಹೇಳಬಾರದಿತ್ತು. ಹೇಳಿದೆ. ಇಡೀ ಬೆಳಿಗ್ಗೆ ಅದೇ.

ಅವರ ವಾದ: ಇಲ್ಲಿನ ಜನಕ್ಕೆ ಆಟ ನಿಲ್ಲಬೇಕು. ನಿಂತಾಗ ತಿನ್ನಬೇಕು, ಬಚ್ಚಲಿಗೆ ಹೋಗಬೇಕು, ಪಕ್ಕದವನ ಜೊತೆ ಜಗಳ ಆಡಬೇಕು. ರಗ್ಬಿ ನಿಲ್ಲುವುದೇ ಇಲ್ಲ. ಜೊತೆಗೆ ರೆಫರಿಯನ್ನು "ಸರ್" ಅನ್ನುತ್ತಾರಂತೆ. ಹಾಗಿದ್ದ ಮೇಲೆ ದುಡ್ಡು ಕೊಟ್ಟು ಬಂದವನು ಬೈಯುವುದು ಯಾರನ್ನು?

ಆಮೇಲೆ ನಿಜವಾದ ಮಾತು ಆಡಿದರು.

"ನೋಡು ನಿಸಿ. ನನ್ನ ಹುಡುಗರು ಯಾಕೆ ಗೆಲ್ತಿದ್ರು ಗೊತ್ತಾ? ನದಿ ಆಚೆ ಶಾಲೆಯೋರನ್ನ ಕಂಡ್ರೆ ಆಗ್ತಿರಲಿಲ್ಲ. ಅಪ್ಪಂದಿರಿಗೂ ಆಗ್ತಿರಲಿಲ್ಲ. ಪಕ್ಕದ ಊರಿನ ಮೇಲೆ ಸಿಟ್ಟಿರಬೇಕು, ಆಗ ಆಟ ಬೆಳೆಯುತ್ತೆ. ಫಿಜಿ ಎಲ್ಲಿದೆ ಅಂತಾನೇ ಗೊತ್ತಿಲ್ದೋನಿಗೆ ಫಿಜಿ ಮೇಲೆ ಸಿಟ್ಟು ಹೇಗೆ ಬರುತ್ತೆ? ದೇಶ ದೇಶಗಳ ಆಟ ಇಲ್ಲಿ ನಡೆಯಲ್ಲ."

ಅವರ ಬಟ್ಟೆ ಮಡಿಸಿಟ್ಟೆ. ಕಾಲುಚೀಲ ಜೋಡಿ ತಪ್ಪಿತು.

ಸಂಜೆ ಅತ್ತೆ ನನ್ನ ಭುಜಕ್ಕೆ ಎಣ್ಣೆ ತಿಕ್ಕುತ್ತಾ ಬೈದಳು. ಈ ಕೆಲಸ ಕೊಡಿಸಿದವಳು ಅವಳೇ, ಆ ಹಕ್ಕು ಇದೆ. "ನೀನು ಸೊಂಟ ಮುರ್ಕೊಂಡ್ರೆ ಆ ಮುದುಕನ್ನ ಯಾರೇ ಎತ್ತೋದು? ನಾನಾ?"

"ಮುರಿಯಲ್ಲ ಅತ್ತೆ."

"ನಿಮ್ಮಪ್ಪನೂ ಹೀಗೇ ಹೇಳ್ತಿದ್ದ, ಹಲ್ಲಿಲ್ಲದ ಬಾಯಲ್ಲಿ."

ಏಪ್ರಿಲ್ ೫, ಶನಿವಾರ. ಬೆಳಿಗ್ಗೆ

ಅತ್ತೆಗೆ ಡ್ಯೂಟಿ ಬಿತ್ತು. ಕೋಚ್ ಜೊತೆ ಇರುವವರು ಯಾರೂ ಇಲ್ಲ. ಅವರನ್ನೇ ಕರೆದುಕೊಂಡು ಹೋಗುತ್ತಿದ್ದೇನೆ. ಕಂಬಳಿ, ಮಾತ್ರೆ, ಟೋಪಿ. ಸ್ಮಶಾನಕ್ಕೆ ಬೇಗ ಕಳಿಸುವ ಉಪಾಯವೇನೇ ಅಂದರು. ಆದರೆ ಶೇವ್ ಮಾಡಿಸಿಕೊಂಡರು.

ಆಟದ ನಂತರ ಎರಡೂ ತಂಡಕ್ಕೆ ಊಟ ನಮ್ಮದು. ಮರಗೆಣಸು ಬೇಯಿಸಿದ್ದೇನೆ. ತೆಂಗಿನಹಾಲಲ್ಲಿ ಕೆಸುವಿನ ಸೊಪ್ಪು, ಎರಡು ದೊಡ್ಡ ಪಾತ್ರೆ.  

ಏಪ್ರಿಲ್ ೬, ಭಾನುವಾರ

ಎಲ್ಲ ಬರೆಯಬೇಕು. ನಡೆದ ಹಾಗೇ.

ಯುರೇಕಾದವರು ತಡವಾಗಿ ಬಂದರು. ಎರಡು ವ್ಯಾನ್ ಹೊರಟಿತ್ತು, ಒಂದೇ ಬಂತು. ಇನ್ನೊಂದು ಬೆಟ್ಟದ ದಾರಿಯಲ್ಲಿ ಹೊಗೆ ಬಿಟ್ಟು ನಿಂತಿದೆ. ಇಳಿದವರು ಹನ್ನೆರಡು ಜನ. ತಂಡಕ್ಕೆ ಹದಿನೈದು ಬೇಕು, ಇಲ್ಲದಿದ್ದರೆ ಪಂದ್ಯ ಬಿಟ್ಟುಕೊಟ್ಟ ಹಾಗೆ. ನಮ್ಮ ಲೀಗಿನ ನಿಯಮ ಅದು.

ಆದರೆ ನಿಯಮದ ಪಕ್ಕದಲ್ಲಿ ಒಂದು ಪದ್ಧತಿಯೂ ಇದೆ. ಬಂದವರಿಗೆ ಜನ ಕಮ್ಮಿಯಾದರೆ ಆತಿಥೇಯರು ತಮ್ಮ ಆಟಗಾರರನ್ನು ಕೊಡುತ್ತಾರೆ. ಹೋದ ವರ್ಷ ಚೀಕೋ ಊರಿನ ತಂಡಕ್ಕೆ ಕೊಟ್ಟಿದ್ದೆವು. ಕೊಟ್ಟವರು ಮನಸ್ಸಿಟ್ಟು ಆಡಬೇಕು, ಕಳ್ಳಾಟ ಆಡಬಾರದು. ಇದನ್ನು ಯಾರೂ ಹೇಳಿಕೊಡುವುದಿಲ್ಲ, ಎಲ್ಲರಿಗೂ ಗೊತ್ತು.

ಯುರೇಕಾದ ನಾಯಕಿ ಗ್ವೆನ್ ಡೀನಾ ಹತ್ತಿರ ಬಂದಳು. ಮೀನು ಕಾರ್ಖಾನೆಯವಳು, ಅಗಲ ಹೆಗಲು. ಮೂರು ಜನ ಕೊಡುತ್ತೀರಾ ಅಂತ ಕೇಳಿದಳು.

ಡೀನಾ ಮೊದಲ ಸಲ ಮೆತ್ತಗೆ ಮಾತಾಡಿದ್ದು ಕೇಳಿದೆ. "ಬೇರೆ ದಿನ ಆಗಿದ್ರೆ ಕೊಡ್ತಿದ್ದೆ, ಗ್ವೆನ್. ಇವತ್ತಲ್ಲ."

ಗ್ವೆನ್ ವಾದ ಮಾಡಲಿಲ್ಲ. ತಲೆಯಾಡಿಸಿ ವಾಪಸ್ ಹೊರಟಳು. ಹಿಂದೆ ನಮ್ಮ ಹುಡುಗಿಯರು ಆಗಲೇ ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಿದ್ದರು. ಗೆದ್ದೆವು. ಚೆಂಡು ಮುಟ್ಟದೆ ಗೆದ್ದೆವು. ದೊಡ್ಡ ಮೈದಾನ ನಮ್ಮದು, ನನ್ನದು.

ಆ ಹನ್ನೆರಡು ಜನ ಬೂಟಿನ ಲೇಸು ಬಿಚ್ಚತೊಡಗಿದರು.

ನನಗೆ ನೋಡಲಾಗಲಿಲ್ಲ. ನಮ್ಮಲ್ಲಿ ಸಮುದ್ರ ಕೆಟ್ಟಿದ್ದ ದಿನ ಪಕ್ಕದ ದ್ವೀಪದ ದೋಣಿ ಅರ್ಧ ತಂಡದ ಜೊತೆ ಬಂದರೆ ಅಪ್ಪ ಅಂಗಿ ತೆಗೆದು ಆ ಕಡೆ ನಡೆದುಬಿಡುತ್ತಿದ್ದ. ಯಾರನ್ನೂ ಕೇಳುತ್ತಿರಲಿಲ್ಲ. ಅವರು ಅಲೆ ದಾಟಿ ಬಂದದ್ದು ಆಡುವುದಕ್ಕೆ, ಹಿಂತಿರುಗುವುದಕ್ಕಲ್ಲ.

ಜರ್ಸಿ ತೆಗೆದು ಬೆಂಚಿನ ಮೇಲೆ ಮಡಿಸಿಟ್ಟೆ. ಒಳಗೆ ಹಳೇ ಬನಿಯನ್ನು. ನಡೆದೆ.

"ನಿಸಿ. ಎಲ್ಲಿಗೆ?" ಡೀನಾ.

"ಅವರಿಗೆ ಮೂರು ಜನ ಕಮ್ಮಿ."

ಎರಡು ವರ್ಷದಲ್ಲಿ ಈ ತಂಡದ ಮುಂದೆ ಇಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು. ಹಿಂದೆ ಯಾರೋ ತಲೆಕೆಟ್ಟಿದೆಯಾ ಅಂದರು. ಇನ್ಯಾರೋ ಅದಕ್ಕಿಂತ ಕೆಟ್ಟದ್ದು ಅಂದರು. ತಿರುಗಲಿಲ್ಲ. ಸ್ವಲ್ಪ ಹೊತ್ತಿಗೆ ಹುಲ್ಲಿನ ಮೇಲೆ ಇನ್ನೂ ಎರಡು ಜೊತೆ ಬೂಟಿನ ಸದ್ದು ಕೇಳಿತು. ಬದಲಿ ಬೆಂಚಿನ ಹುಡುಗಿಯರು, ತಾಯಿ ಬೈದ ಮಕ್ಕಳ ಹಾಗೆ ಮುಖ ಮಾಡಿಕೊಂಡು.

ಡೀನಾ ರೆಫರಿ ಮುಖ ನೋಡಿದಳು, ನನ್ನ ಮುಖ ನೋಡಿದಳು. "ಹೋಗು. ಆಡೋಣ" ಅಂದಳು. ಉಗುಳಿದ ಹಾಗೆ.

ನನ್ನನ್ನು ಎಲ್ಲರಿಗಿಂತ ಹಿಂದೆ ನಿಲ್ಲಿಸಿದರು, ಕೊನೆಯ ಕಾವಲಿಗೆ. ಇಡೀ ಪಂದ್ಯ ನನ್ನ ಗೆಳತಿಯರು ನನ್ನ ಮೇಲೇ ಓಡಿ ಬಂದರು, ಬೇಕಂತಲೇ. ಬಿದ್ದೆ, ಎದ್ದೆ. ಕೊನೆಗೆ ಯುರೇಕಾ ಎರಡು ಅಂಕ ಮುಂದೆ, ಆಟ ಮುಗಿಯುವುದರಲ್ಲಿದೆ, ಚೆಂಡು ಡೀನಾ ಕೈಗೆ ಸಿಕ್ಕಿತು. ಅವಳ ಮುಂದೆ ಗೆರೆ, ದಾಟಿದರೆ ಗೆಲುವು. ನಡುವೆ ನಾನು. ನನ್ನನ್ನು ಚೆನ್ನಾಗಿ ಬಲ್ಲವಳು. ಎಡಕ್ಕೆ ಹೋಗುವ ಹಾಗೆ ಮಾಡಿ ಬಲಕ್ಕೆ ಬಂದಳು. ನಾನೂ ಅವಳನ್ನು ಬಲ್ಲೆ. ಪಕ್ಕೆಗೆ ಹೆಗಲು ಕೊಟ್ಟು ನೆಲಕ್ಕೆ ಕೆಡವಿದೆ. ಚೆಂಡು ಜಾರಿತು. ಗ್ವೆನ್ ಅದನ್ನು ಒದ್ದು ಹೊರಗೆ ಹಾಕಿದಳು. ಸೀಟಿ. ಪಂದ್ಯ ಯುರೇಕಾದ್ದು.

ಕೆಳಗೆ ಬಿದ್ದಲ್ಲಿಂದಲೇ ಡೀನಾ ಕೇಳಿದಳು: "ಸುಖವಾಯ್ತಾ?"

ಊಟ ಬಡಿಸಿದೆ. ಯುರೇಕಾದವರು ಪಾತ್ರೆ ಬಳಿದು ತಿಂದರು. ನಮ್ಮವರಲ್ಲಿ ಅರ್ಧ ಜನ ತಿನ್ನದೆ ಹೋದರು.

ಕಾರಲ್ಲಿ ಕೋಚ್ ಹೇಳಿದರು, ಇಷ್ಟು ಕಾಲ ಆಟದ ಬದಿಯಲ್ಲೇ ಬದುಕಿದವನು ನಾನು, ಎದುರಾಳಿಗೆ ಆಳು ಕೊಟ್ಟದ್ದನ್ನು ಯಾವತ್ತೂ ಕಂಡಿಲ್ಲ. "ಅದಕ್ಕೇ ಹೇಳಿದ್ದು. ಇದು ಇಲ್ಲಿ ಬೇರು ಬಿಡಲ್ಲ. ಈ ದೇಶದಲ್ಲಿ ಯಾರೂ ಹಾಗೆ ಮಾಡಲ್ಲ."

"ಇವತ್ತು ಮೂರು ಜನ ಮಾಡಿದರಲ್ಲ" ಅಂದೆ. "ಇಬ್ಬರು ಇಲ್ಲೇ ಹುಟ್ಟಿದವರು."

ಹೇಳಿಬಿಟ್ಟೆ. ನನಗೇ ಆಶ್ಚರ್ಯ. ಅವರು ಟೋಪಿ ಕಣ್ಣಿನ ಮೇಲೆ ಎಳೆದುಕೊಂಡರು.

ಏಪ್ರಿಲ್ ೭, ಸೋಮವಾರ

ರಾತ್ರಿ ಅತ್ತೆಗೆ ಗೊತ್ತಾಗದ ಹಾಗೆ ಅತ್ತುಬಿಟ್ಟೆ. ಆದರೂ ಇನ್ನೊಮ್ಮೆ ಆದರೆ ಅದನ್ನೇ ಮಾಡುತ್ತೇನೆ. ಎರಡೂ ನಿಜ.

ಏಪ್ರಿಲ್ ೧೯, ಶನಿವಾರ

ಬರೆಯಲು ಮನಸ್ಸಿರಲಿಲ್ಲ. ಅಭ್ಯಾಸಕ್ಕೆ ಹೋಗುತ್ತಿದ್ದೇನೆ. ಯಾರೂ ಬೈಯುವುದಿಲ್ಲ, ಚೆಂಡನ್ನೂ ಕೊಡುವುದಿಲ್ಲ. ಗೋಡೆ ಪಕ್ಕ ಒಬ್ಬಳೇ ಒದ್ದು ಹಿಡಿದು ಮನೆಗೆ ಬರುತ್ತೇನೆ.

ಇವತ್ತು ಗ್ವೆನ್ ಫೋನ್. ದೊಡ್ಡ ಮೈದಾನದ ಪಂದ್ಯಕ್ಕೆ ನೀನು ನಮ್ಮ ಜೊತೆ ಆಡಬೇಕು ಅಂದಳು. ನಿನ್ನಿಂದಲೇ ನಾವು ಅಲ್ಲಿಗೆ ಹೋಗುತ್ತಿರುವುದು, ಜರ್ಸಿ ತೆಗೆದಿಟ್ಟಿದ್ದೇವೆ. ಲೀಗಿನವರೂ ಒಪ್ಪಿದ್ದಾರಂತೆ.

ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆ ಹುಲ್ಲು. ಅದೇ ದಿನ.

ಡೀನಾನ್ನ ಕೇಳಿದಿರಾ ಅಂದೆ.

"ಕೇಳ್ದೆ. ಅವಳನ್ನ ನೀವೇ ಇಟ್ಕೊಳ್ಳಿ, ನಮಗೆ ಬೇಡ ಅಂದ್ಲು. ಇನ್ನೇನು ತೊಂದರೆ ಇಲ್ಲ."

ತೊಂದರೆ ಇತ್ತು. ಆವತ್ತು ನಮ್ಮ ತಂಡ ನನ್ನನ್ನು ಕೊಟ್ಟಿತ್ತು. ಉಗುಳಿದ ಹಾಗೆ ಆದರೂ ಡೀನಾ 'ಹೋಗು' ಅಂದಿದ್ದಳು. ಈಗ ಕೊಡುತ್ತಿಲ್ಲ, ಬಿಸಾಡುತ್ತಿದ್ದಾಳೆ. ಬಿಸಾಡಿದ್ದನ್ನು ಎತ್ತಿಕೊಂಡು ಹೋಗಲು ನಾನು ಬೀದಿ ಬದಿಗೆ ಹಾಕಿದ ಹಳೇ ಸೋಫಾ ಅಲ್ಲ.

ಇಷ್ಟೆಲ್ಲ ಇಂಗ್ಲಿಷಲ್ಲಿ ಬರಲಿಲ್ಲ. "ನಾನು ಬರಲ್ಲ ಗ್ವೆನ್. ನನಗೆ ತಂಡ ಇದೆ" ಅಂದೆ.

ಅತ್ತೆ ಅಡುಗೆಮನೆಯಿಂದ ಎಲ್ಲ ಕೇಳಿಸಿಕೊಂಡಿದ್ದಳು. ಈ ಹುಚ್ಚು ನಿಮ್ಮಪ್ಪನಿಗೇ ಮುಗಿಯಿತು ಅಂದುಕೊಂಡಿದ್ದೆ ಅಂದಳು. ತಟ್ಟೆಗೆ ಮೀನಿನ ದೊಡ್ಡ ತುಂಡೇ ಹಾಕಿದಳು.

ಏಪ್ರಿಲ್ ೨೨, ಮಂಗಳವಾರ

ಅಭ್ಯಾಸದ ಸಾಲಿನಲ್ಲಿ ನನ್ನ ಜಾಗಕ್ಕೆ ಹೋಗಿ ನಿಂತೆ.

"ನಿನ್ನನ್ನ ಯುರೇಕಾಗೆ ಕೊಟ್ಟಾಯ್ತಲ್ಲ" ಅಂದಳು ಡೀನಾ.

"ನಾನು ಹೋಗಲಿಲ್ಲ."

"ಗ್ವೆನ್ ಹೇಳಿದ್ಲು. ಯಾಕೆ?"

"ಇಲ್ಲಿ ಮಂಗಳವಾರ ಅಭ್ಯಾಸ ಇದೆ."

ಯಾರೋ ಕಿಸಕ್ಕೆಂದರು. ಡೀನಾ ನಗಲಿಲ್ಲ. ಚೆಂಡು ಕೊಡಲಿಲ್ಲ. ಸಾಲಿನಿಂದ ಹೊರಗೆ ಹೋಗು ಅಂತಲೂ ಅನ್ನಲಿಲ್ಲ. ಕೊಡದಿದ್ದರೆ ಇರಲಿ. ಮುಂದಿನ ವಾರವೂ ಅಲ್ಲೇ ನಿಲ್ಲುತ್ತೇನೆ. ಅದರ ಮುಂದಿನ ವಾರವೂ.

ಮೇ ೩, ಶನಿವಾರ. ದೊಡ್ಡ ಮೈದಾನ, ಆಟದ ಮಧ್ಯಂತರ

ಮಂಡಿ ಮೇಲೆ ಇಟ್ಟುಕೊಂಡು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ.

ಯುರೇಕಾ ಪಂದ್ಯ ಆಯಿತು. ಸೋತರು. ನಾನಿದ್ದಿದ್ದರೆ... ಬೇಡ. ಗ್ವೆನ್ ಹೊರಗೆ ಹೋಗುವಾಗ ನನ್ನ ಕಡೆ ಕೈ ಎತ್ತಿದಳು. ನಾನೂ ಎತ್ತಿದೆ.

ನಮಗೆ ಸಿಕ್ಕಿದ್ದು ಮೇಲಿನ ಸಾಲಿನ ಟಿಕೆಟ್, ಗಾಲಿಕುರ್ಚಿಯ ಜಾಗ. ಕೋಚ್ ಸುತ್ತ ನೋಡಿದರು. ಒಂದು ಕಡೆ ನಮ್ಮ ಚರ್ಚಿನವರು, ಬಾವುಟ, ಡೋಲು. ಉಳಿದ ಕಡೆ ಬರೀ ಕುರ್ಚಿ.

"ಎಲ್ಲಿ ಜನ? ಹೇಳಿರಲಿಲ್ವಾ ನಾನು? ಖಾಲಿ."

"ಹೌದು, ಖಾಲಿ" ಅಂದೆ. "ನಡೀರಿ, ಮುಂದೆ ಹೋಗಿ ಕೂರೋಣ."

ಬ್ರೇಕ್ ಬಿಚ್ಚಿ ಇಳಿಜಾರಿನಲ್ಲಿ ತಳ್ಳಿಕೊಂಡು ಹೊರಟೆ. ಟಿಕೆಟ್ ನೋಡುವವನು ಅಡ್ಡ ಬಂದ, ನಿಮ್ಮ ಜಾಗ ಮೇಲಿದೆ ಅಂದ. ಇಲ್ಲಿ ಯಾರಾದರೂ ಬಂದರೆ ಎದ್ದು ಹೋಗುತ್ತೇವೆ ಅಂದೆ. ಕೋಚ್ ತಿರುಗಿ ನನ್ನನ್ನೇ ನೋಡಿದರು. ಅವನು ಪಕ್ಕಕ್ಕೆ ಸರಿದ.

ಕಂಬಿಬೇಲಿಯ ಹತ್ತಿರ ಮೊದಲ ಸಾಲಿನಲ್ಲಿ ನಮ್ಮ ತಂಡ ಕೂತಿತ್ತು. ಅಷ್ಟು ಹತ್ತಿರ ಹೋದ ಮೇಲೆ ಗೊತ್ತಾಯಿತು. ವಾಪಸ್ ಹೋಗಲಿಲ್ಲ.

ಕೋಚ್ ಡೀನಾಳನ್ನು ಗುರುತು ಹಿಡಿದರು. "ಇವಳ ಕೈಯಲ್ಲಿ ಏಟು ತಿಂದವಳು ನೀನೇ ಅಲ್ವಾ?"

"ಪಕ್ಕೆ ಇನ್ನೂ ನೋಯ್ತಿದೆ" ಅಂದಳು ಡೀನಾ. ನನ್ನ ಕಡೆ ನೋಡದೆ ಪಕ್ಕದ ಕುರ್ಚಿಯ ಮೇಲಿದ್ದ ಚೀಲ ತೆಗೆದು ಕೆಳಗಿಟ್ಟಳು. ಕೂತೆ.

ಪಂದ್ಯದಲ್ಲಿ ನಮ್ಮ ಫಿಜಿ ಹಿಂದೆ ಇದೆ. ಅಮೆರಿಕದವರು ಚೆನ್ನಾಗಿ ಆಡುತ್ತಿದ್ದಾರೆ, ಸುಳ್ಳು ಹೇಳಬಾರದು. ಕೋಚ್ ರೆಫರಿಯನ್ನು ಬೈಯುತ್ತಿದ್ದಾರೆ. ನಿಯಮ ಒಂದೂ ಗೊತ್ತಿಲ್ಲ. ಇದು ಬೇರು ಬಿಡುವುದಿಲ್ಲ ಅಂತ ಪ್ರತಿ ಹತ್ತು ನಿಮಿಷಕ್ಕೊಮ್ಮೆ ಹೇಳುತ್ತಾರೆ, ಆಮೇಲೆ ಚೆಂಡು ಎಲ್ಲಿ ಹೋಯಿತು ಅಂತ ಕೇಳುತ್ತಾರೆ.

ತಂಡಗಳು ಮತ್ತೆ ಮೈದಾನಕ್ಕೆ ಬರುತ್ತಿವೆ. ಏನು ಬರೀತಿದ್ದೀಯ ಅಂತ ಡೀನಾ ಕೇಳಿದಳು. ಅವಳಿಗೆ ನಮ್ಮ ಭಾಷೆ ಬಾರದು, ಓದಿ ಅರ್ಥ ಹೇಳಿದೆ: ಈ ದೇಶಕ್ಕೆ ಈ ಆಟ ಹಿಡಿಸಲಿ ಬಿಡಲಿ, ಮಂಗಳವಾರ ಸಂಜೆ ಆರಕ್ಕೆ ನಾನು ಮೈದಾನದಲ್ಲಿ ಇರುತ್ತೇನೆ.

ಡೀನಾ ಹುಲ್ಲಿನ ಕಡೆ ನೋಡುತ್ತಲೇ ತಿದ್ದಿದಳು.

"ಆರಕ್ಕಲ್ಲ. ಐದೂವರೆಗೆ ಬಾ. ಮೈದಾನಕ್ಕೆ ಗೆರೆ ಹಾಕೋಕೆ ಇಬ್ಬರು ಬೇಕು."

ತಿದ್ದುತ್ತಿದ್ದೇನೆ. ಮಂಗಳವಾರ, ಐದೂವರೆಗೆ, ನಾವು—