ವಿಷಯ: ಪ್ಯಾಂಟಿನ ಅಳತೆ

ಅಕ್ಕಾ,

ನಾಳೆ ಆಫೀಸಿನಲ್ಲಿ ನನ್ನ ಹಳೇ ಕಂಪ್ಯೂಟರ್ ಬದಲಾಯಿಸುತ್ತಾರೆ. ಉಳಿಸಬೇಕಾದ ಮೇಲ್‌ಗಳ ಪಟ್ಟಿ ಕೊಡಿ ಎಂದರು. ನೀನು ಬರೆದವಷ್ಟನ್ನೂ ಪಟ್ಟಿ ಮಾಡಿಕೊಡಲು ಟೈಪಿಸ್ಟ್‌ಗೆ ಹೇಳಿದೆ. ಅವಳು ತಂದ ಹಾಳೆಯಲ್ಲಿ ಒಂದೇ ಒಂದು ಸಾಲಿತ್ತು.

"ಎಲ್ಲಾದ್ರಲ್ಲೂ ವಿಷಯ 'ಪ್ಯಾಂಟಿನ ಅಳತೆ' ಅಂತಾನೇ ಇತ್ತು ಸಾರ್. ಒಂದೇ ಮೇಲ್ ಪದೇ ಪದೇ ಬಂದಿದೆ ಅಂದ್ಕೊಂಡು ಪಟ್ಟಿಯಿಂದ ಉಳಿದದ್ದೆಲ್ಲಾ ತೆಗೆದ್ಬಿಟ್ಟೆ."

ನನಗೆ ನಗು ಬಂತು. ಊರಿಗೆಲ್ಲ ಬಟ್ಟೆ ಹೊಲಿದುಕೊಟ್ಟ ನಿನಗೆ ಹೊಸ ಮೇಲ್ ಶುರುಮಾಡುವುದು ಮಾತ್ರ ಕೊನೆಗೂ ಬರಲಿಲ್ಲ. ನಾನು ಎಂದೋ ಅಳತೆ ಕಳಿಸಿದ್ದ ಆ ಒಂದು ಮೇಲ್‌ಗೇ ನೀನು ಹನ್ನೊಂದು ವರ್ಷ ಉತ್ತರ ಬರೆದೆ. ಹೇಳಿಕೊಡಲು ಹೋದರೆ, "ನಿಂಗೆ ತಲುಪುತ್ತೆ ತಾನೆ, ಸುಮ್ನಿರೋ" ಎನ್ನುತ್ತಿದ್ದೆ.

ಪಟ್ಟಿಯನ್ನು ಮತ್ತೆ ಪೂರ್ತಿ ಮಾಡಿಸಿದೆ. ಇನ್ನೂರ ಆರು ಸಾಲು. ಕೊನೆಯ ಕಾಲಂನಲ್ಲಿ ಪ್ರತಿಯೊಂದರ ಮುಂದೆಯೂ 'ಓದಿದೆ' ಅಥವಾ 'ಓದಿಲ್ಲ' ಎಂದಿತ್ತು. ಪರದೆ ನೋಡಿಕೊಂಡು ಗಟ್ಟಿಯಾಗಿ ಓದುತ್ತಾ ಬಂದ ಟೈಪಿಸ್ಟ್ ಕೊನೆಯ ಆರು ಸಾಲು ಬಂದಾಗ ಓದುವುದನ್ನು ನಿಲ್ಲಿಸಿದಳು; ಆರರ ಮುಂದೆಯೂ 'ಓದಿಲ್ಲ' ಎಂದಿತ್ತು. ಅವು ನೀನು ಆಸ್ಪತ್ರೆಗೆ ಹೋಗಿ ವಾಪಸು ಬಾರದ ಆ ವಾರ ಬರೆದವು.

ಅವಳು ನನ್ನ ಮುಖ ನೋಡದೆ ಆ ಕಾಲಂ ಅಳಿಸಿ, ಪ್ರಿಂಟ್ ತೆಗೆದು ನನ್ನ ಕೈಗಿಟ್ಟಳು.

"ಈಗ ಎಲ್ಲಾ ಸರಿಯಾಗಿದೆ ಸಾರ್" ಎಂದಳು.